ದಾಯವೂ ದಾಸೋಹವೂ

ಹೋಗುವಾಗ ಯಾರೂ ಏನನ್ನೂ ಒಯ್ಯುವುದಿಲ್ಲವೆಂಬುದು ಎಲ್ಲರೂ ಬಲ್ಲ ಮಾತು. ಪ್ರವಚನದಲ್ಲಿ ಅದನ್ನು ಕೇಳಿ ತಲೆದೂಗುತ್ತೇವೆ. ಮನೆಗೆ ಬಂದು ಪೆಟ್ಟಿಗೆಯ ಬೀಗವನ್ನು ಮತ್ತೊಮ್ಮೆ ಎಳೆದು ನೋಡುತ್ತೇವೆ. ಆದರೆ ಆ ಮಾತಿನ ಮುಂದಿನ ಭಾಗವನ್ನು ವಿಚಾರಿಸುವವರು ವಿರಳ. ಹೋಗುವವನು ಒಯ್ಯದೆ ಬಿಟ್ಟುಹೋದ ಹೊಲ, ಮನೆ, ಒಡವೆ, ಗ್ರಂಥ ಇವು ಆಮೇಲೆ ಯಾರವು? ಮಗನವೆ, ಊರಿನವೆ, ಸರಕಾರದವೆ? ಮಗನವೆಂದರೆ ಯಾವ ದುಡಿಮೆಯಿಂದ ಅವನವಾದುವು? ಸರಕಾರದವೆಂದರೆ ಅದಾದರೂ ಅವನ್ನು ಗಳಿಸಲು ಯಾವಾಗ ಬೆವರು ಸುರಿಸಿತು? ಮೇಲ್ನೋಟಕ್ಕೆ ಇದು ನ್ಯಾಯವಾದಿಗಳ ಪ್ರಶ್ನೆಯೆಂದು ತೋರಿದರೂ ಮೂಲತಃ ಧರ್ಮದ ಪ್ರಶ್ನೆಯೇ ಆಗಿದೆ. ಆದುದರಿಂದ ಸದ್ಭಕ್ತರಾದ ಓದುಗರೊಡನೆ ಇದನ್ನು ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕೆಂದು ಇಚ್ಛೆ.

ಈ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ಎದ್ದುನಿಂತ ದೇಶವೆಂದರೆ ಇಂಗ್ಲೆಂಡು. ಅಲ್ಲಿ ಶತಮಾನಗಳಿಂದ ಜಮೀನುದಾರ ಮನೆತನಗಳು ಸಾವಿರಾರು ಎಕರೆ ಭೂಮಿಯ ನಡುವೆ ಅರಮನೆಗಳಂತಹ ಮನೆಗಳನ್ನು ಕಟ್ಟಿಕೊಂಡು, ಅವುಗಳಲ್ಲಿ ಚಿತ್ರಪಟ, ಗ್ರಂಥಭಂಡಾರ, ಶಿಲ್ಪಾದಿಗಳನ್ನು ಸಂಗ್ರಹಿಸಿಕೊಂಡು ಬಾಳಿದುವು. ೧೮೯೪ರಲ್ಲಿ ಅರ್ಥಸಚಿವ ಸರ್ ವಿಲಿಯಂ ಹಾರ್ಕೋರ್ಟ್ ಅವರು 'ಎಸ್ಟೇಟ್ ಡ್ಯೂಟಿ' ಎಂಬ ಮರಣ ತೆರಿಗೆಯನ್ನು ತಂದರು. ಒಡೆಯನು ತೀರಿಕೊಂಡೊಡನೆ ಅವನ ಒಟ್ಟು ಆಸ್ತಿಗೆ ಬೆಲೆಕಟ್ಟಿ ಅದರಲ್ಲೊಂದು ಪಾಲನ್ನು ಬೊಕ್ಕಸಕ್ಕೆ ತೆಗೆದುಕೊಳ್ಳುವುದೇ ಅದರ ಕ್ರಮ. ಆರಂಭದಲ್ಲಿ ಅತ್ಯುಚ್ಚ ದರ ನೂರಕ್ಕೆ ೮ ಮಾತ್ರವಿತ್ತು. ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ೧೯೧೯ರಲ್ಲಿ ಅದು ನೂರಕ್ಕೆ ೪೦ ಆಯಿತು. ಎರಡನೆಯ ಮಹಾಯುದ್ಧಾನಂತರ ೧೯೪೯ರಲ್ಲಿ ನೂರಕ್ಕೆ ೮೦ಕ್ಕೆ ಏರಿತು. ಹೆಸರು ಮತ್ತು ದರಗಳು ಕಾಲಕಾಲಕ್ಕೆ ಬದಲಾದರೂ ತೆರಿಗೆ ಅಲ್ಲಿ ನಿಂತಿಲ್ಲ. ೧೯೮೬ರಿಂದ ಅದಕ್ಕೆ ಉತ್ತರಾಧಿಕಾರ ತೆರಿಗೆಯೆಂದು ಹೆಸರಾಗಿದೆ. ೨೦೦೯ರಿಂದ ೩,೨೫,೦೦೦ ಪೌಂಡುಗಳ ಮೇಲ್ಪಟ್ಟ ಭಾಗಕ್ಕೆ ಸಾಮಾನ್ಯವಾಗಿ ನೂರಕ್ಕೆ ೪೦ರಂತೆ ಅದನ್ನು ವಿಧಿಸಲಾಗುತ್ತಿದೆ.

ಈ ತೆರಿಗೆಯ ಫಲವನ್ನು ತಿಳಿಯಲು ಡರ್ಬಿಷೈರ್ ಸೀಮೆಯ ಚಾಟ್ಸ್‌ವರ್ತ್ ಎಂಬ ಮನೆಯ ಕಥೆಯೊಂದು ಸಾಕು. ಅದು ಡೆವನ್‌ಷೈರ್ ಡ್ಯೂಕರ ಮನೆತನದ್ದು. ಹತ್ತನೆಯ ಡ್ಯೂಕರು ಮುಂದಾಲೋಚನೆಯಿಂದ ತಮ್ಮ ಆಸ್ತಿಯ ಬಹುಭಾಗವನ್ನು ಬದುಕಿರುವಾಗಲೇ ಮುಂದಿನ ಪೀಳಿಗೆಗೆ ವಹಿಸಿಕೊಟ್ಟಿದ್ದರು. ಹಾಗೆ ಕೊಟ್ಟವನು ಐದು ವರ್ಷ ಬದುಕಿದ್ದರೆ ತೆರಿಗೆಯಿಲ್ಲವೆಂಬುದು ಅಂದಿನ ಕಾನೂನು. ಆ ಅವಧಿ ತುಂಬಲು ಸ್ವಲ್ಪವೇ ಕಾಲ ಉಳಿದಿರುವಾಗ, ೧೯೫೦ರ ನವೆಂಬರಿನಲ್ಲಿ, ಅವರು ಹಠಾತ್ತಾಗಿ ತೀರಿಕೊಂಡರು. ನೂರಕ್ಕೆ ೮೦ರ ತೆರಿಗೆ ಮನೆತನದ ಮೇಲೆ ಬಿದ್ದಿತು. ಹಿರಿಯ ಮಗನು ೧೯೪೪ರಲ್ಲಿಯೇ ಯುದ್ಧಭೂಮಿಯಲ್ಲಿ ಮಡಿದಿದ್ದುದರಿಂದ ಭಾರವನ್ನು ಹೊರಬೇಕಾದವರು ಕಿರಿಯ ಮಗನಾದ ಆಂಡ್ರೂ ಅವರು. ಹತ್ತಾರು ಸಾವಿರ ಎಕರೆ ಭೂಮಿ ಮಾರಾಟವಾಯಿತು. ಹೋಲ್ಬೈನ್, ರೆಂಬ್ರಾಂಟ್, ರೂಬೆನ್ಸ್ ಮೊದಲಾದವರ ಕೃತಿಗಳು ತೆರಿಗೆಯ ಬದಲಿಗೆ ರಾಷ್ಟ್ರದ ಸ್ವತ್ತಾದುವು. ಹದಿನಾರನೆಯ ಶತಮಾನದ ಕೊನೆಯಲ್ಲಿ ಕಟ್ಟಿದ ಹಾರ್ಡ್‌ವಿಕ್ ಹಾಲ್ ಎಂಬ ಮನೆಯನ್ನೇ ಸರಕಾರಕ್ಕೆ ಬಿಟ್ಟುಕೊಡಲಾಯಿತು; ೧೯೫೯ರಲ್ಲಿ ಅದು ನ್ಯಾಷನಲ್ ಟ್ರಸ್ಟಿನ ವಶಕ್ಕೆ ಬಂತು. ತೆರಿಗೆಯ ಕೊನೆಯ ಕಂತು ಸಂದಾಯವಾದುದು ೧೯೬೭ರಲ್ಲಿ. ಒಬ್ಬನ ಮರಣದ ಲೆಕ್ಕ ತೀರಲು ಹದಿನೇಳು ವರ್ಷ ಹಿಡಿಯಿತು.

ಇದನ್ನು ಕೇಳಿದೊಡನೆ ಕೆಲವರ ಮನಸ್ಸು ಕರಗುತ್ತದೆ, ಕೆಲವರ ಮನಸ್ಸು ತಣಿಯುತ್ತದೆ. ಎರಡು ಬಗೆಯ ಮನಸ್ಸಿಗೂ ಅವುಗಳದೇ ಆದ ಯುಕ್ತಿಗಳಿವೆ. ಶಾಸ್ತ್ರಕ್ರಮದಂತೆ ಎರಡು ಪಕ್ಷಗಳನ್ನೂ ಮೊದಲು ಆಲಿಸೋಣ.

ಮೊದಲನೆಯ ಪಕ್ಷದವರು ಹೇಳುವುದು ಹೀಗೆ: ಪೂರ್ವಜರು ಗಳಿಸುವಾಗಲೇ ಅದಕ್ಕೆ ತಕ್ಕ ಕಂದಾಯಗಳನ್ನು ಕೊಟ್ಟಿದ್ದಾರೆ, ಮನೆಯವರು ಶೋಕದಲ್ಲಿರುವಾಗ ಮತ್ತೆ ಬಾಗಿಲು ತಟ್ಟುವುದು ಕ್ರೂರ. ಹಳೆಯ ಮನೆಯೆಂಬುದು ಹಣದ ಥೈಲಿಯಲ್ಲ. ಅರ್ಧ ಥೈಲಿ ಕೊಟ್ಟರೆ ಅರ್ಧ ಉಳಿದೀತು. ಅರ್ಧ ಮನೆ ಕೊಟ್ಟರೆ ಉಳಿದರ್ಧ ನಿಲ್ಲದು. ಭೂಮಿಯ ಉತ್ಪನ್ನದಿಂದ ಮಾಳಿಗೆಯ ದುರಸ್ತಿ ನಡೆಯುತ್ತಿತ್ತು. ಭೂಮಿಯನ್ನು ಮಾರಿಸಿದರೆ ಮಾಳಿಗೆ ಕುಸಿಯುವುದು. ಅಲ್ಲದೆ ತನ್ನ ತಾತಮುತ್ತಾತರ ಕೈಗುರುತನ್ನು ಬಲ್ಲವನು ಒಂದೊಂದು ಕಲ್ಲನ್ನೂ ಪ್ರೀತಿಸುವಂತೆ ಸಂಬಳದ ಅಧಿಕಾರಿ ಪ್ರೀತಿಸಬಲ್ಲನೆ? ಈ ವಾದದಲ್ಲಿ ಸತ್ಯಾಂಶವಿದೆ. ಇಪ್ಪತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ಇಂತಹ ಸಾವಿರಕ್ಕೂ ಹೆಚ್ಚು ಮನೆಗಳು ನೆಲಸಮವಾದುವು. ೧೯೭೪ರಲ್ಲಿ ಲಂಡನ್ನಿನ ವಿಕ್ಟೋರಿಯಾ ಆಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯವು ಈ ನಾಶದ ಕುರಿತೇ ಒಂದು ಪ್ರದರ್ಶನವನ್ನು ಏರ್ಪಡಿಸಿತ್ತು. ಆದರೆ ದೋಷವೆಲ್ಲವೂ ತೆರಿಗೆಯದಲ್ಲವೆಂಬುದನ್ನೂ ಹೇಳಬೇಕು. ೧೮೭೦ರ ದಶಕದಿಂದ ಅಮೆರಿಕೆಯ ಅಗ್ಗದ ಧಾನ್ಯ ಬಂದು ಭೂಮಿಯ ಗುತ್ತಿಗೆ ಇಳಿದುಹೋಗಿತ್ತು. ಯುದ್ಧಗಳಲ್ಲಿ ಉತ್ತರಾಧಿಕಾರಿಗಳು ಸತ್ತರು. ಹಿಂದಿನ ಕೂಲಿಗೆ ಐವತ್ತು ಜನ ಆಳುಗಳು ದೊರೆಯುವ ಕಾಲ ಹೋಯಿತು. ಕಾಲವೇ ತಿರುಗಿದಾಗ ತೆರಿಗೆಯು ಕೊನೆಯ ತಳ್ಳು ಕೊಟ್ಟಿತೆಂದರೆ ಸರಿಯಾದೀತು.

ಎರಡನೆಯ ಪಕ್ಷದವರು ಕೇಳುವುದು ಬೇರೆ: ಕೂಲಿಯವನು ದಿನವೆಲ್ಲ ದುಡಿದು ತಂದುದರಲ್ಲಿ ಸರಕಾರ ಪಾಲು ಕೇಳುತ್ತದೆ, ದುಡಿಯದೆ ಬಂದುದರಲ್ಲಿ ಕೇಳಬಾರದೆ? ಒಬ್ಬ ಶಿಶುವು ತೊಟ್ಟಿಲಲ್ಲಿರುವಾಗಲೇ ಸಾವಿರ ಎಕರೆಯ ಒಡೆಯ, ಇನ್ನೊಂದು ಶಿಶುವು ತೊಟ್ಟಿಲಲ್ಲಿರುವಾಗಲೇ ಸಾಲಗಾರ. ಇವರಲ್ಲಿ ಯಾರು ಏನು ಮಾಡಿದ್ದರು? ಪೂರ್ವಕರ್ಮವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಸಂಪತ್ತು ಬೆಳೆದುದು ಒಬ್ಬನ ಕರ್ಮದಿಂದಲ್ಲ. ಉತ್ತವರು, ಬಿತ್ತಿದವರು, ಕಲ್ಲು ಕಡಿದವರು, ದಾರಿ ಮಾಡಿದವರು, ಕಾವಲಿದ್ದವರು ಎಲ್ಲರ ಬೆವರೂ ಅದರಲ್ಲಿದೆ. ಒಡೆಯನು ಸತ್ತಾಗಲಾದರೂ ಸಮಾಜವು ತನ್ನ ಪಾಲನ್ನು ಕೇಳುವುದು ಅನ್ಯಾಯವಲ್ಲ. ಈ ವಾದದಲ್ಲಿಯೂ ಸತ್ಯಾಂಶವಿದೆ. ಬಹುಶಃ ಮೊದಲಿನದಕ್ಕಿಂತ ಒಂದು ತೂಕ ಹೆಚ್ಚಾಗಿಯೇ ಇದೆ.

ಇಲ್ಲಿ ನಮ್ಮ ನಾಡಿನ ಒಂದು ಮಹಾಗ್ರಂಥವನ್ನು ಸ್ಮರಿಸಬೇಕಾಗಿದೆ. ದಾಯವಿಭಾಗದ ವಿಷಯದಲ್ಲಿ ಭಾರತದ ಬಹುಭಾಗಕ್ಕೆ ಪ್ರಮಾಣವಾದ 'ಮಿತಾಕ್ಷರಾ' ಹುಟ್ಟಿದುದು ನಮ್ಮ ಕಲ್ಯಾಣದಲ್ಲಿ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ವ್ಯಾಖ್ಯಾನವಿದು. ಒಡೆಯನೊಡನೆ ಇರುವ ಸಂಬಂಧಮಾತ್ರದಿಂದಲೇ ಮತ್ತೊಬ್ಬನದಾಗುವ ಧನವು ದಾಯವೆಂದು ಆತನು ನಿರೂಪಿಸುತ್ತಾನೆ. ತಂದೆತಾತಂದಿರ ಧನದಲ್ಲಿ ಮಗನಿಗೆ ಹುಟ್ಟಿನಿಂದಲೇ ಸ್ವತ್ವವುಂಟೆಂಬುದು ಆತನ ಸಿದ್ಧಾಂತ. ಇದು ಅಪ್ರತಿಬಂಧ ದಾಯ. ಬಂಗಾಳದಲ್ಲಿ ಪ್ರಮಾಣವಾದ ಜೀಮೂತವಾಹನನ 'ದಾಯಭಾಗ'ವಾದರೋ ತಂದೆಯ ಸ್ವತ್ವವು ಅಳಿದ ಮೇಲೆಯೇ ಮಗನ ಸ್ವತ್ವವೆಂದು ಹೇಳುತ್ತದೆ. ಮೇಲೆ ನೋಡಿದರೆ ಮಿತಾಕ್ಷರೆಯು ಮಗನ ಪಕ್ಷಪಾತಿಯೆಂದು ತೋರೀತು. ಒಳಹೊಕ್ಕು ನೋಡಿದರೆ ಅದು ತಂದೆಯ ಕೈಗೂ ಕಟ್ಟು ಹಾಕುತ್ತದೆ. ಪಿತ್ರಾರ್ಜಿತ ಸ್ಥಾವರವನ್ನು ತಂದೆಯು ತನ್ನ ಇಚ್ಛೆಯಂತೆ ಮಾರಲಾಗದು. ಆಪತ್ತು, ಕುಟುಂಬಪೋಷಣೆ, ಧರ್ಮಕಾರ್ಯ ಇವುಗಳಿಗಾಗಿ ಮಾತ್ರ ವ್ಯಯಿಸಬಹುದು. ಇನ್ನು ಹುಟ್ಟಬೇಕಾದವರ ಜೀವಿಕೆಯೂ ಅದರಲ್ಲಿ ಅಡಗಿದೆಯೆಂಬ ದೃಷ್ಟಿಯೇ ಇದಕ್ಕೆ ಕಾರಣ. ಎಂದರೆ, ಬಾಳುತ್ತಿರುವವನು ಒಡೆಯನೆನಿಸಿಕೊಂಡರೂ ವಸ್ತುತಃ ನಡುವೆ ನಿಂತ ಪಾಲಕನೇ ಆಗಿದ್ದಾನೆ.

ಇಂಗ್ಲೆಂಡಿನ ಪದ್ಧತಿ ಇದಕ್ಕೆ ವಿರುದ್ಧವಾಗಿ ಹಿರಿಯ ಮಗನಿಗೇ ಭೂಮಿಯೆಲ್ಲ ಸಲ್ಲಬೇಕೆಂಬುದಾಗಿತ್ತು. ಅಲ್ಲಿನ ಮಹಾಗೃಹಗಳು ನಾಲ್ಕೈದು ನೂರು ವರ್ಷ ಒಡೆಯದೆ ಉಳಿದುದರ ರಹಸ್ಯ ಇದೇ. ಮನೆತನದ ಪ್ರೀತಿಯೇ ಮನೆಯನ್ನು ಉಳಿಸಿತೆಂದು ಮೊದಲನೆಯ ಪಕ್ಷದವರು ಹೇಳುವಾಗ, ಕಿರಿಯ ಮಕ್ಕಳಿಗೂ ಹೆಣ್ಣುಮಕ್ಕಳಿಗೂ ಪಾಲು ತಪ್ಪಿಸಿದುದರಿಂದಲೂ ಅದು ಉಳಿಯಿತೆಂಬುದನ್ನು ಮರೆಯಬಾರದು. ನಮ್ಮಲ್ಲಿ ಆ ಅನ್ಯಾಯ ಗಂಡುಮಕ್ಕಳೊಳಗೆ ಇರಲಿಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿ ಇದ್ದೇ ಇತ್ತು. ಕರ್ನಾಟಕವು ೧೯೯೪ರಲ್ಲಿಯೂ ಕೇಂದ್ರ ಸರಕಾರವು ೨೦೦೫ರಲ್ಲಿಯೂ ಕಾಯಿದೆಯನ್ನು ತಿದ್ದಿ ಮಗಳಿಗೆ ಮಗನಷ್ಟೇ ಹುಟ್ಟುಹಕ್ಕನ್ನು ಕೊಡುವವರೆಗೆ ಆ ಲೋಪ ಮುಂದುವರಿಯಿತು. ಸಮಪಾಲಿನ ನ್ಯಾಯಕ್ಕೂ ಅದರದೇ ಆದ ಬೆಲೆಯಿದೆ. ನಮ್ಮ ಸೀಮೆಯ ಹಳೆಯ ವಾಡೆಗಳನ್ನು ನೋಡಿದವರು ಅದನ್ನು ಬಲ್ಲರು. ನಡುಮನೆಯ ಅಡ್ಡಕ್ಕೆ ಗೋಡೆ, ಪಡಸಾಲೆಯ ಮೂರು ಕಂಬ ಅಣ್ಣನಿಗೆ, ಮೂರು ತಮ್ಮನಿಗೆ. ಕೊನೆಗೆ ಯಾರೂ ಹಂಚು ಕೈಯಾಡಿಸದೆ ಮಳೆಗೆ ಸೋರಿ, ಸಾಗವಾನಿಯ ತೊಲೆಬಾಗಿಲುಗಳು ಹಳೆಯ ಸಾಮಾನಿನ ವ್ಯಾಪಾರಿಯ ಪಾಲು. ಅವುಗಳನ್ನು ಯಾವ ಮರಣ ತೆರಿಗೆಯೂ ಕೆಡವಲಿಲ್ಲ. ಆದುದರಿಂದ ಪಾಲಿಗೊಪ್ಪದ ನ್ಯಾಯವೂ ಪೂರ್ಣವಲ್ಲ, ಪಾಲನೆಯಿಲ್ಲದ ಪಾಲೂ ಪೂರ್ಣವಲ್ಲ.

ಹುಟ್ಟಿನಿಂದ ಸ್ವತ್ವವೆಂಬ ಸೂತ್ರವನ್ನು ಬರೆದ ಆ ಕಲ್ಯಾಣದಲ್ಲಿಯೇ, ಕೆಲವು ದಶಕಗಳು ಕಳೆಯುವಷ್ಟರಲ್ಲಿ, ಹುಟ್ಟಿನಿಂದ ಏನು ಬಂದೀತೆಂದು ಶರಣರು ಪ್ರಶ್ನಿಸಿದರೆಂಬುದು ಚಿಂತನೀಯವಾದ ಸಂಗತಿ. ಶರಣರು ಮನೆಯನ್ನು ತೊರೆಯಿರೆಂದು ಹೇಳಲಿಲ್ಲ, ಮಕ್ಕಳಿಗೆ ಏನನ್ನೂ ಬಿಡಬೇಡಿರೆಂದೂ ಹೇಳಲಿಲ್ಲ. ಧನದ ಶುದ್ಧಿಯು ಕಾಯಕದಲ್ಲಿಯೂ ಅದರ ಸಾರ್ಥಕತೆಯು ದಾಸೋಹದಲ್ಲಿಯೂ ಇದೆಯೆಂದರು. ಆಯ್ದಕ್ಕಿಯ ಮಾರಯ್ಯನವರು ಒಂದು ದಿನ ನಿತ್ಯಕ್ಕಿಂತ ಹೆಚ್ಚಾಗಿ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದುಬನ್ನಿರೆಂದು ಲಕ್ಕಮ್ಮನವರು ಹಿಂದಕ್ಕೆ ಕಳುಹಿಸಿದ ಕಥೆಯನ್ನು ನಮ್ಮ ಮಕ್ಕಳೂ ಬಲ್ಲರು. ತಾನೇ ಆಯ್ದ ಹಿಡಿಯಕ್ಕಿಯ ವಿಷಯದಲ್ಲಿ ಇಷ್ಟು ವಿಚಾರವಿದ್ದರೆ, ತಾನು ಆಯದೆಯೇ ಕಣಜ ತುಂಬಿ ಬಂದ ಅಕ್ಕಿಯ ವಿಷಯದಲ್ಲಿ ಎಷ್ಟು ವಿಚಾರವಿರಬೇಕು?

ಈಗ ಸಿದ್ಧಾಂತಕ್ಕೆ ಬರೋಣ. ಪಿತ್ರಾರ್ಜಿತವೆಂಬ ಒಂದು ಮಾತಿನೊಳಗೆ ಮೂರು ಸಂಗತಿಗಳು ಬೆರೆತುಹೋಗಿವೆ: ಒಡೆತನ, ಭೋಗ, ಪಾಲನೆ. ವಾದಿಗಳಿಬ್ಬರೂ ಇವನ್ನು ಬಿಡಿಸದೆ ವಾದಿಸುವುದರಿಂದಲೇ ವಾದ ಮುಗಿಯುವುದಿಲ್ಲ. ಪಾಲನೆಗೆ ಮನೆತನವು ಯೋಗ್ಯವಾಗಿರಬಹುದು. ಅಷ್ಟರಿಂದ ಭೋಗವೆಲ್ಲ ಅದರದೇ ಆಗಬೇಕೆಂದೇನೂ ಇಲ್ಲ. ಭೋಗದಲ್ಲಿ ಸಮಾಜಕ್ಕೆ ಹಕ್ಕಿರಬಹುದು. ಅಷ್ಟರಿಂದ ಪಾಲನೆಯನ್ನೂ ಸರಕಾರವೇ ಚೆನ್ನಾಗಿ ಮಾಡುವುದೆಂದೇನೂ ಇಲ್ಲ. ಇಂಗ್ಲೆಂಡಿನವರು ಬಹಳ ಕಳೆದುಕೊಂಡ ಮೇಲೆ ನಿಧಾನವಾಗಿ ಈ ವಿವೇಕಕ್ಕೆ ಬಂದರು.

ಲೋಥಿಯನ್ ಪ್ರಭುಗಳೆಂಬವರು ೧೯೩೦ರಲ್ಲಿ ಪದವಿಗೆ ಬಂದಾಗ ನಾಲ್ಕು ಮಹಾಗೃಹಗಳೂ ಅವುಗಳೊಡನೆ ಭಾರಿ ಮರಣ ತೆರಿಗೆಯೂ ಅವರ ಪಾಲಿಗೆ ಬಂದುವು. ಗ್ರಂಥಭಂಡಾರದ ಅಮೂಲ್ಯ ಪುಸ್ತಕಗಳನ್ನು ಮಾರಬೇಕಾಯಿತು. ಆದರೆ ಅವರು ತಮ್ಮ ನಷ್ಟವನ್ನು ಕುರಿತು ಕೊರಗುತ್ತ ಕೂರಲಿಲ್ಲ. ೧೮೯೫ರಲ್ಲಿ ಸ್ಥಾಪಿತವಾಗಿದ್ದ ನ್ಯಾಷನಲ್ ಟ್ರಸ್ಟೆಂಬ ಸಾರ್ವಜನಿಕ ಸಂಸ್ಥೆಯ ಮುಂದೆ ೧೯೩೪ರಲ್ಲಿ ಮಾತನಾಡಿ, ಇಂತಹ ಮನೆಗಳನ್ನು ಸಂಸ್ಥೆಯು ವಹಿಸಿಕೊಂಡು ಜನರಿಗೆ ತೆರೆಯಬೇಕೆಂದು ಸೂಚಿಸಿದರು. ೧೯೩೭ರಲ್ಲಿ ಅದಕ್ಕೆ ಬೇಕಾದ ಕಾನೂನಾಯಿತು. ಮನೆಯನ್ನೂ ಅದರ ನಿರ್ವಹಣೆಗೆ ಬೇಕಾದ ನಿಧಿಯನ್ನೂ ಒಪ್ಪಿಸಿದ ಕುಟುಂಬವು ಅದೇ ಮನೆಯಲ್ಲಿ ವಾಸಿಸಬಹುದು; ಒಡೆತನ ಮಾತ್ರ ಸಂಸ್ಥೆಯದು. ಲೋಥಿಯನ್ನರು ತಮ್ಮ ನ್ಯೂಬ್ಯಾಟಲ್ ಅಬಿಯನ್ನು ವಯಸ್ಕರ ವಿದ್ಯಾಲಯಕ್ಕಾಗಿ ಕೊಟ್ಟರು. ೧೯೪೦ರಲ್ಲಿ ತೀರಿಕೊಂಡಾಗ ಬ್ಲಿಕ್ಲಿಂಗ್ ಹಾಲನ್ನು ಟ್ರಸ್ಟಿಗೆ ಬರೆದಿಟ್ಟಿದ್ದರು. ೧೯೪೬ರಲ್ಲಿ ಅರ್ಥಸಚಿವ ಹ್ಯೂ ಡಾಲ್ಟನ್ನರು, ಯುದ್ಧದಲ್ಲಿ ಉಳಿದ ಸಾಮಗ್ರಿಗಳ ಮಾರಾಟದ ಹಣದಿಂದ ೫ ಕೋಟಿ ಪೌಂಡುಗಳ ಭೂನಿಧಿಯನ್ನು ಸ್ಥಾಪಿಸಿದರು. ತೆರಿಗೆಗೆ ಬದಲಾಗಿ ಬಂದ ಮನೆ, ಭೂಮಿಗಳನ್ನು ಜನರಿಗಾಗಿ ಉಳಿಸುವುದು ಅದರ ಉದ್ದೇಶ. ಅದು ಯುದ್ಧದಲ್ಲಿ ಮಡಿದವರ ಸ್ಮಾರಕವೂ ಆಗಿತ್ತು.

ಇನ್ನೊಂದು ಏರ್ಪಾಟು ಷರತ್ತಿನ ವಿನಾಯಿತಿ. ಐತಿಹಾಸಿಕ ಮಹತ್ತ್ವದ ಮನೆ ಅಥವಾ ಕಲಾವಸ್ತುಗಳನ್ನು ಉತ್ತರಾಧಿಕಾರಿಯು ಚೆನ್ನಾಗಿ ರಕ್ಷಿಸಿ, ಜನರಿಗೆ ನೋಡಲು ಅವಕಾಶ ಮಾಡಿಕೊಟ್ಟರೆ ತೆರಿಗೆಯನ್ನು ಕೇಳುವುದಿಲ್ಲ. ಮಾರಿದರೆ ಅಥವಾ ಮಾತಿಗೆ ತಪ್ಪಿದರೆ ತೆರಿಗೆ ಬಾಕಿ ಎದ್ದುನಿಲ್ಲುತ್ತದೆ. ಇದು ಋಣವನ್ನು ಮನ್ನಿಸಿದುದಲ್ಲ, ಸೇವೆಯ ರೂಪದಲ್ಲಿ ತೀರಿಸಲು ಕಾಲ ಕೊಟ್ಟುದು. ಆದರೆ ಇಲ್ಲಿ ಕಾವಲು ಬೇಕು. ಬಿಟ್ಟುಕೊಟ್ಟ ತೆರಿಗೆಯೂ ಜನರ ಹಣವೇ. ವರ್ಷಕ್ಕೆ ಕೆಲವು ದಿನ ಹಿತ್ತಿಲ ಬಾಗಿಲನ್ನು ಅರ್ಧ ತೆರೆದು ಷರತ್ತು ತೀರಿತೆಂದರೆ, ಬಡವನ ಖರ್ಚಿನಲ್ಲಿ ಶ್ರೀಮಂತನ ಮಾಳಿಗೆಯನ್ನು ಹೊದಿಸಿದಂತಾಗುವುದು.

ಸರಕಾರವೂ ಎಡವುತ್ತದೆಂಬುದಕ್ಕೆ ಮೆಂಟ್‌ಮೋರ್ ಎಂಬ ಮನೆಯೇ ಸಾಕ್ಷಿ. ೧೯೭೦ರ ದಶಕದಲ್ಲಿ ಆ ಮನೆಯನ್ನೂ ಒಳಗಿನ ಸಮಸ್ತ ಸಂಗ್ರಹವನ್ನೂ ಸುಮಾರು ೨೦ ಲಕ್ಷ ಪೌಂಡುಗಳಿಗೆ ತೆಗೆದುಕೊಳ್ಳಿರೆಂದು ಒಡೆಯರು ಕೇಳಿದರು, ಸರಕಾರ ಒಪ್ಪಲಿಲ್ಲ. ೧೯೭೭ರ ಹರಾಜಿನಲ್ಲಿ ಒಳಗಿನ ವಸ್ತುಗಳೇ ೬೦ ಲಕ್ಷಕ್ಕೂ ಹೆಚ್ಚು ಬೆಲೆಗೆ ಹೋಗಿ ಚೆಲ್ಲಾಪಿಲ್ಲಿಯಾದುವು. ಡಾಲ್ಟನ್ನರ ನಿಧಿಯಿದ್ದೂ ಅದನ್ನು ಬಳಸುವ ಮನಸ್ಸಿರಲಿಲ್ಲ. ಆ ಅಪಕೀರ್ತಿಯಿಂದಲೇ ೧೯೮೦ರಲ್ಲಿ ರಾಷ್ಟ್ರೀಯ ಪರಂಪರೆಯ ಸ್ಮಾರಕ ನಿಧಿಯೆಂಬ ಹೊಸ ಸಂಸ್ಥೆ ಹುಟ್ಟಿತು.

ಚಾಟ್ಸ್‌ವರ್ತಿನವರು ಏನು ಮಾಡಿದರು? ೧೯೮೧ರಲ್ಲಿ ಒಂದು ಧರ್ಮನಿಧಿಯನ್ನು ಸ್ಥಾಪಿಸಿ, ಪುಸಾನ್ ಎಂಬ ಚಿತ್ರಕಾರನ ಪ್ರಸಿದ್ಧ ಚಿತ್ರವೇ ಮೊದಲಾದುವನ್ನು ಮಾರಿ ಅದಕ್ಕೆ ಮೂಲಧನ ಒದಗಿಸಿ, ಮನೆಯನ್ನು ೯೯ ವರ್ಷಗಳ ಗುತ್ತಿಗೆಗೆ ಆ ನಿಧಿಗೆ ವಹಿಸಿಕೊಟ್ಟರು. ಮನೆತನದವರು ಅದೇ ಮನೆಯಲ್ಲಿದ್ದಾರೆ. ತಾವಿರುವ ಕೋಣೆಗಳಿಗೆ ನಿಧಿಗೆ ಬಾಡಿಗೆ ಕೊಡುತ್ತಾರೆ. ಉಳಿದುದನ್ನು ಲಕ್ಷಾಂತರ ಜನ ನೋಡಿಹೋಗುತ್ತಾರೆ. ತಾತನ ಮನೆಯಲ್ಲಿ ಬಾಡಿಗೆ ಕೊಟ್ಟು ವಾಸಿಸುವುದು ಕೆಲವರಿಗೆ ಅವಮಾನವೆಂದು ತೋರಬಹುದು. ಈ ಲೇಖಕನಿಗೆ ಅದು ಮನುಷ್ಯನ ನಿಜಸ್ಥಿತಿಯ ಅಂಗೀಕಾರವೆಂದೇ ತೋರುತ್ತದೆ. ನಾವೆಲ್ಲರೂ ಬಾಡಿಗೆಯವರೇ, ಬಾಡಿಗೆಯನ್ನು ಕೊಡುವವರು ಮಾತ್ರ ಕಡಿಮೆ. ಮಠದ ಆಸ್ತಿಯ ವಿಷಯದಲ್ಲಿ ಹಿರಿಯರು ಇಟ್ಟ ನಿಯಮವೂ ಇದೇ: ಪೀಠದಲ್ಲಿ ಕುಳಿತವರು ಅನುಭವಿಸುವವರಲ್ಲ, ಸಮಾಜಕ್ಕಾಗಿ ಕಾಯುವವರು. ಆ ನಿಯಮ ಎಷ್ಟು ಕಡೆ ನಡೆಯುತ್ತಿದೆಯೆಂದು ಕೇಳುವ ಹಕ್ಕು ಭಕ್ತರಿಗಿದೆ.

ಪಾಲನೆ, ಭೋಗಗಳಲ್ಲದೆ ಸತ್ಯದ ಪರೀಕ್ಷೆಯೂ ಒಂದುಂಟು. ಸಂಪತ್ತು ಬಂದ ದಾರಿಯನ್ನು ಮರೆಮಾಡಿ ಅದನ್ನು ಪರಂಪರೆಯೆಂದು ಮೆರೆಯುವುದು ಸಲ್ಲದು. ವೇಲ್ಸಿನ ಪೋವಿಸ್ ಕೋಟೆಯು ೧೯೫೨ರಿಂದ ನ್ಯಾಷನಲ್ ಟ್ರಸ್ಟಿನ ವಶದಲ್ಲಿದೆ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಮದರಾಸಿನ ಗವರ್ನರಾಗಿದ್ದ ಎಡ್ವರ್ಡ್ ಕ್ಲೈವನ ಮನೆತನದ ಸಂಗ್ರಹ ಅಲ್ಲಿದೆ. ಟಿಪ್ಪುವಿನ ಡೇರೆಯೂ ಸಿಂಹಾಸನದ ಒಂದು ಹುಲಿಮುಖವೂ ಅದರಲ್ಲಿವೆ. ಹೇರ್‌ವುಡ್ ಮನೆಯನ್ನು ಕಟ್ಟಿದ ಮನೆತನದ ಐಶ್ವರ್ಯ ಬಂದುದು ವೆಸ್ಟ್ ಇಂಡೀಸಿನ ಸಕ್ಕರೆ ಮತ್ತು ಗುಲಾಮರ ದುಡಿಮೆಯಿಂದ. ೨೦೨೦ರಲ್ಲಿ ಟ್ರಸ್ಟು ತನ್ನ ವಶದ ಆಸ್ತಿಗಳಿಗೂ ವಸಾಹತು ಮತ್ತು ಗುಲಾಮಗಿರಿಗೂ ಇರುವ ಸಂಬಂಧವನ್ನು ವರದಿ ಮಾಡಿದಾಗ ಅನೇಕರು ಕೋಪಗೊಂಡರು. ಆದರೆ ದಾಯದೊಡನೆ ಋಣವೂ ಬರುತ್ತದೆಂಬುದು ಧರ್ಮಶಾಸ್ತ್ರದ ಮಾತೇ. ಧನವನ್ನು ಸ್ವೀಕರಿಸಿ ಋಣವನ್ನು ನಿರಾಕರಿಸುವವನು ಯಾವ ನ್ಯಾಯಕ್ಕೂ ಒಪ್ಪುವವನಲ್ಲ.

ನಮ್ಮ ದೇಶದಲ್ಲಿಯೂ ಮರಣ ತೆರಿಗೆ ಇತ್ತೆಂಬುದನ್ನು ಇಂದಿನ ತರುಣರು ಬಹುಮಟ್ಟಿಗೆ ಅರಿಯರು. ೧೯೫೩ರಲ್ಲಿ ಬಂದ ಆ ಕಾಯಿದೆಯಲ್ಲಿ ವಿಜ್ಞಾನೇಶ್ವರನ ನೆರಳೂ ಇತ್ತು: ಮಿತಾಕ್ಷರ ಕುಟುಂಬದ ಸದಸ್ಯನು ಸತ್ತರೆ, ಸಾವಿಗೆ ಮುಂಚಿನ ಕ್ಷಣದಲ್ಲಿ ವಿಭಾಗವಾಗಿದ್ದರೆ ಅವನಿಗೆ ಎಷ್ಟು ಪಾಲು ಬರುತ್ತಿತ್ತೆಂದು ಲೆಕ್ಕ ಹಾಕಿ ತೆರಿಗೆ ಕಟ್ಟಬೇಕಾಗಿತ್ತು. ಅತ್ಯುಚ್ಚ ದರ ನೂರಕ್ಕೆ ೮೫ರವರೆಗೂ ಏರಿತು. ಆದರೂ ಬಂದ ಹಣ ಅತ್ಯಲ್ಪ, ಹೆಚ್ಚಿದುದು ವ್ಯಾಜ್ಯ. ೧೯೮೫ರ ಮಾರ್ಚಿನಲ್ಲಿ ಅದನ್ನು ನಿಲ್ಲಿಸಲಾಯಿತು. ೨೦೨೪ರ ಲೋಕಸಭಾ ಚುನಾವಣೆಯ ಕಾಲದಲ್ಲಿ ಇಂತಹ ತೆರಿಗೆಯ ಮಾತು ಮತ್ತೆ ಎದ್ದು, ಪರವಿರೋಧದ ಗದ್ದಲವಾಯಿತು. ದೊಡ್ಡ ಸಂಪತ್ತಿಗೆ ಇಂತಹ ತೆರಿಗೆ ನ್ಯಾಯವೆಂದೇ ಈ ಲೇಖಕನ ಅಭಿಪ್ರಾಯ. ವಿಧವೆಯ ಮನೆಯೂ ರೈತನ ನಾಲ್ಕು ಎಕರೆಯೂ ಅದಕ್ಕೆ ಸಿಕ್ಕಬಾರದು. ಪಾಲನೆಗೂ ಲೋಕೋಪಯೋಗಕ್ಕೂ ಒಪ್ಪಿಸಿದುದಕ್ಕೆ ವಿನಾಯಿತಿಯಿರಬೇಕು. ದರವು ತಪ್ಪಿಸಿಕೊಳ್ಳಲು ಪ್ರೇರಿಸುವಷ್ಟು ಉಗ್ರವಾಗಿರಬಾರದು. ನಮ್ಮಲ್ಲಿ ಹಿಂದಿನ ತೆರಿಗೆ ಸೋತುದು ಧರ್ಮದ ದೋಷದಿಂದಲ್ಲ, ಕ್ರಮದ ದೋಷದಿಂದ.

ಆದರೆ ಇಂದು ನಮ್ಮ ಬಾಗಿಲಿಗೆ ಅಂತಹ ತೆರಿಗೆಯವನು ಬರುವುದಿಲ್ಲ. ಯಾರೂ ಕೇಳದಿರುವಾಗ ಕೊಡಬೇಕಾದುದನ್ನು ಕೊಡುವೆವೆ ಎಂಬುದೇ ಗೃಹಸ್ಥನ ನಿಜವಾದ ಪರೀಕ್ಷೆ. ಮನೆಯ ಯಜಮಾನರು ತಾವು ಗಟ್ಟಿಯಾಗಿರುವಾಗಲೇ ನಾಲ್ಕು ಕೆಲಸಗಳನ್ನು ಮಾಡಲಿ. ಹೆಣ್ಣುಮಕ್ಕಳ ಪಾಲನ್ನು ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಹಾಕಿಸಿ ಮುಚ್ಚಿಹಾಕದೆ ಎದುರಿಗೇ ಕೊಡಲಿ. ಒಡೆಯಬಾರದ ಮನೆಯಿದ್ದರೆ ಅದನ್ನು ಒಬ್ಬರ ಪಾಲನೆಗೆ ವಹಿಸಿ ಉಳಿದವರಿಗೆ ಬೇರೆ ರೀತಿಯಲ್ಲಿ ಸರಿದೂಗಿಸಲಿ. ಜಂತೆಯ ಮೇಲೆ ಧೂಳು ಹಿಡಿದ ತಾಳೆಗರಿಯ ಕಟ್ಟುಗಳನ್ನು ಗೆದ್ದಲಿಗೆ ಬಿಡದೆ ಓದುವವರ ಕೈಗೆ ಸೇರಿಸಲಿ. ಉಳಿದುದರಲ್ಲಿ ಒಂದಂಶವನ್ನು ತಮಗೆ ಯಾವ ಸಂಬಂಧವೂ ಇಲ್ಲದವರ ಮಕ್ಕಳ ಅನ್ನವಿದ್ಯೆಗಳಿಗಾಗಿ ಎತ್ತಿಡಲಿ. ಸಂಬಂಧಮಾತ್ರದಿಂದ ಬರುವುದು ದಾಯ; ಸಂಬಂಧವನ್ನು ಮೀರಿ ಸಲ್ಲುವುದು ದಾಸೋಹ. ಎರಡೂ ಒಂದೇ ಮನೆಯಲ್ಲಿ ಇರಬಲ್ಲವು, ಇರಬೇಕು.

ಹೋಗುವವನು ಒಯ್ಯುವುದೇನೂ ಇಲ್ಲವೆಂಬ ಮಾತಿನಿಂದ ಆರಂಭಿಸಿದೆವು. ಬಿಟ್ಟುಹೋಗುವುದನ್ನಾದರೂ ಹೇಗೆ ಬಿಟ್ಟುಹೋಗಬೇಕೆಂಬುದು ನಮ್ಮ ಕೈಯಲ್ಲಿದೆ. ಆ ವಿವೇಕವು ಎಲ್ಲ ಸದ್ಭಕ್ತರ ಮನೆಗಳಲ್ಲಿ ನೆಲೆಗೊಳ್ಳಲಿ.